೧೮೯೨ರ ಕಾಗದ, ಜಯಮಂಗಲಿಯ ಮರಳು

ದೇವರಾಯನದುರ್ಗದ ಬೆಟ್ಟದ ಮೇಲೆ ಸುರಿದ ಮಳೆ ಎರಡು ದಾರಿ ಹಿಡಿಯುತ್ತದೆ. ಶಿಂಷಾ ಎಂಬ ಹೆಸರು ಹೊತ್ತು ದಕ್ಷಿಣಕ್ಕೆ ಇಳಿದ ನೀರು ಕಾವೇರಿಯನ್ನು ಸೇರುತ್ತದೆ. ಜಯಮಂಗಲಿ ಎಂಬ ಹೆಸರು ಹೊತ್ತು ಉತ್ತರಕ್ಕೆ ಇಳಿದದ್ದು ಕೊರಟಗೆರೆ ಸೀಮೆಯನ್ನು ದಾಟಿ, ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಹೋಬಳಿಯನ್ನು ಹಾದು, ಆಂಧ್ರದ ನೆಲಕ್ಕೆ ಕಾಲಿಟ್ಟು, ಹಿಂದೂಪುರದ ಸೀಮೆಯಲ್ಲಿ ಉತ್ತರ ಪಿನಾಕಿನಿಯೊಡನೆ ಕೂಡುತ್ತದೆ. ಮೊದಲನೆಯ ನೀರಿಗೆ ನ್ಯಾಯಮಂಡಳಿ ಉಂಟು, ಸುಪ್ರೀಂ ಕೋರ್ಟಿನ ತೀರ್ಪು ಉಂಟು, ಪ್ರಾಧಿಕಾರ ಉಂಟು, ಬಂದ್ ಉಂಟು, ಪತ್ರಿಕೆಗಳ ಮೊದಲ ಪುಟ ಉಂಟು. ಎರಡನೆಯ ನೀರಿಗೆ ಇವು ಯಾವುವೂ ಇಲ್ಲ. ಅದಕ್ಕೆ ಇರುವುದು ಒಂದು ಹಳೆಯ ಕಾಗದ, ಮತ್ತು ಹೊಳೆಯ ಉದ್ದಕ್ಕೂ ಟಿಪ್ಪರಿನ ಚಕ್ರದ ಗುರುತು. ಈ ಎರಡನೆಯ ನೀರಿನ ವಿಚಾರವನ್ನು ನಾವು ಈ ವಾರ ಎತ್ತಿಕೊಂಡಿದ್ದೇವೆ.

ಚುನಾವಣೆ ಹತ್ತಿರವಾದ ವರ್ಷ ಈ ಗಡಿಯಲ್ಲಿ ಒಂದು ಹಳೆಯ ನಾಟಕ ಹೊಸ ಬಣ್ಣ ಬಳಿದುಕೊಂಡು ಬರುತ್ತದೆ. ಈಚೆಯ ಪುಢಾರಿ ‘ನಮ್ಮ ನೀರೆಲ್ಲ ಆಂಧ್ರಕ್ಕೆ ಹರಿದುಹೋಯಿತು’ ಎಂದು ಮೈಕಿನ ಮುಂದೆ ಎದೆ ಬಡಿದುಕೊಳ್ಳುತ್ತಾನೆ. ಆಚೆಯ ಪುಢಾರಿ ‘ಕರ್ನಾಟಕದವರು ಮೇಲೆ ಒಡ್ಡು ಹಾಕಿ ನಮ್ಮ ಪಿನಾಕಿನಿಯನ್ನು ಕೊಂದರು’ ಎಂದು ತೆಲುಗಿನಲ್ಲಿ ಎದೆ ಬಡಿದುಕೊಳ್ಳುತ್ತಾನೆ. ಕೊಡಿಗೇನಹಳ್ಳಿಯ ರೈತನಿಗೆ ಎರಡು ಭಾಷೆಯೂ ಬರುವುದರಿಂದ ಎರಡು ಭಾಷಣವೂ ಅರ್ಥವಾಗುತ್ತವೆ. ನೀರೇ ಇಲ್ಲದ ಹೊಳೆಯನ್ನು ಇಬ್ಬರು ಕದ್ದರೆಂದು ಹೇಳುತ್ತಿರುವಾಗ, ಕದ್ದ ಮಾಲು ಯಾರ ಮನೆಯಲ್ಲಿದೆ ಎಂಬ ಸಣ್ಣ ಪ್ರಶ್ನೆಯನ್ನು ಕೇಳುವವರು ಮಾತ್ರ ಇಲ್ಲ.

‘ಇದು ರೈತರ ಗೋಳು, ಗಿರಣಿಯಲ್ಲಿ ದುಡಿಯುವ ನಮಗೇನು, ಅಂಗಡಿ ಇಟ್ಟವರಿಗೇನು’ ಎಂದು ನಮ್ಮ ಓದುಗರಲ್ಲಿ ಕೆಲವರು ಕೇಳಬಹುದು. ಪಾವಗಡ, ಶಿರಾ, ಮಧುಗಿರಿಗಳ ಕಡಲೆಕಾಯಿ ಮಿಲ್ಲುಗಳಲ್ಲಿ ಮೂಟೆ ಹೊತ್ತ ಹಮಾಲಿಯನ್ನು ಕೇಳಿ ನೋಡಿ. ಹೊಲದಲ್ಲಿ ಕಾಯಿ ಕಟ್ಟದ ವರ್ಷ ಮಿಲ್ಲಿನ ಬಾಗಿಲು ಎಷ್ಟು ದಿನ ತೆರೆದಿತ್ತು ಎಂಬುದನ್ನು ಅವನು ಬೆರಳು ಮಡಚಿ ಹೇಳುತ್ತಾನೆ. ಬಾವಿ ಬತ್ತಿದ ರೈತ ಮಗನನ್ನು ಕರೆದುಕೊಂಡು ತುಮಕೂರಿಗೋ ಬೆಂಗಳೂರಿಗೋ ಬಂದು ಕಾರ್ಖಾನೆಯ ಗೇಟಿನ ಮುಂದೆ ನಿಲ್ಲುತ್ತಾನೆ. ‘ನಿನಗಿಂತ ಕಡಿಮೆಗೆ ಬರುವವನು ಹೊರಗೆ ನಿಂತಿದ್ದಾನೆ’ ಎಂದು ಮಾಲೀಕ ಒಳಗಿನವನಿಗೆ ಹೇಳುವುದು ಅವನನ್ನು ತೋರಿಸಿಯೇ. ಇನ್ನು ಸಂತೆಯ ದಿನ ಉಪ್ಪು, ಬೆಲ್ಲ, ಬಟ್ಟೆ ಮಾರುವ ಸಣ್ಣ ವ್ಯಾಪಾರಿಗೆ ಹೊಳೆ ಬತ್ತಿದ್ದು ತನ್ನ ಉದ್ರಿ ಪುಸ್ತಕದಲ್ಲೇ ಗೊತ್ತಾಗುತ್ತದೆ. ಮಳೆಯ ವರ್ಷ ಎರಡು ಪುಟದ ಸಾಲ, ಬರದ ವರ್ಷ ಹನ್ನೆರಡು ಪುಟ, ವಸೂಲಿ ಸೊನ್ನೆ.

ಆ ಹಳೆಯ ಕಾಗದದ ಕಥೆಯನ್ನು ಮೊದಲು ಹೇಳಬೇಕು. ೧೮೭೬ರಿಂದ ೭೮ರವರೆಗೆ ಮೈಸೂರು ಸೀಮೆಯನ್ನು ಹೊಡೆದ ಮಹಾ ಕ್ಷಾಮದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಜನ ಇಲ್ಲವಾದರೆಂದು ಲೆಕ್ಕ. ೧೮೮೧ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿತು. ಕ್ಷಾಮದ ಪೆಟ್ಟು ತಿಂದ ಸಂಸ್ಥಾನ ಕೆರೆ ದುರಸ್ತಿಗೆ, ಹೊಸ ಕಟ್ಟೆಗಳಿಗೆ ಕೈಹಾಕಿತು. ಆಗ ಕೆಳಗಿನ ಮದರಾಸು ಎಚ್ಚತ್ತಿತು. ಮೇಲೆ ಕೆರೆ ಕಟ್ಟಿದರೆ ನಮ್ಮ ಕೆರೆಗಳಿಗೆ ನೀರು ಇಳಿಯುವುದಿಲ್ಲ ಎಂಬ ತಗಾದೆ ಎದ್ದಿತು. ಕಾಗದ ಪತ್ರ ಓಡಾಡಿ, ಸಭೆ ನಡೆದು, ಕೊನೆಗೆ ೧೮೯೨ರ ಫೆಬ್ರವರಿ ೧೮ರಂದು ಎರಡು ಸರ್ಕಾರಗಳ ನಡುವೆ ಒಪ್ಪಂದವಾಯಿತು. ಆಗ ಮೈಸೂರಿನ ದಿವಾನರು ಸರ್ ಕೆ. ಶೇಷಾದ್ರಿ ಅಯ್ಯರ್. ಮದರಾಸಿನ ಗವರ್ನರು ಲಾರ್ಡ್ ವೆನ್‌ಲಾಕ್. ಇಂದು ನಾವು ಇದನ್ನು ರಾಜ್ಯ ರಾಜ್ಯಗಳ ನಡುವಿನ ಮಾತೆನ್ನುತ್ತೇವೆ. ಅಂದು ಅದು ಎರಡು ದೇಶಗಳ ನಡುವಿನ ಕರಾರೇ ಆಗಿತ್ತು. ಒಂದು ಕಡೆ ಮಹಾರಾಜರ ಪ್ರಭುತ್ವ, ಇನ್ನೊಂದು ಕಡೆ ಬ್ರಿಟಿಷ್ ಚಕ್ರಾಧಿಪತ್ಯದ ಪ್ರಾಂತ.

ಆ ಒಪ್ಪಂದ ಹೇಳಿದ್ದೇನು? ಅನುಬಂಧದಲ್ಲಿ ಹೆಸರಿಸಿದ ಹದಿನೈದು ಮುಖ್ಯ ನದಿಗಳಿಗೆ ಅಡ್ಡಲಾಗಿ, ಇನ್ನೊಂದು ಪಟ್ಟಿಯ ಹಳ್ಳಗಳಿಗೆ ಗೊತ್ತುಪಡಿಸಿದ ಎಲ್ಲೆಯ ಕೆಳಗೆ, ಮದರಾಸು ಸರ್ಕಾರದ ಮುಂಚಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟಕೂಡದು. ಆ ನದಿಗಳ ಪಟ್ಟಿಯಲ್ಲಿ ಕಾವೇರಿ, ಹೇಮಾವತಿ, ತುಂಗಭದ್ರಾ, ವೇದಾವತಿಗಳ ಜೊತೆಗೆ ನಮ್ಮ ಉತ್ತರ ಪಿನಾಕಿನಿಯೂ ಇತ್ತು. ಮದರಾಸು ಸುಮ್ಮನೆ ಇಲ್ಲವೆನ್ನುವಂತಿಲ್ಲ, ಈಗಾಗಲೇ ರೂಢಿಯಿಂದ ಬಂದು ನಿಜವಾಗಿ ಇರುವ ಹಕ್ಕನ್ನು ಕಾಪಾಡುವುದಕ್ಕೆ ಮಾತ್ರ ಇಲ್ಲವೆನ್ನಬಹುದು ಎಂಬ ಮಾತೂ ಅದರಲ್ಲಿತ್ತು. ಭಿನ್ನಾಭಿಪ್ರಾಯವಾದರೆ ಪಂಚಾಯಿತಿದಾರರು ತೀರ್ಮಾನಿಸಬೇಕೆಂದೂ ಇತ್ತು. ಓದುವುದಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಒಪ್ಪಿಗೆ ಕೇಳಬೇಕಾದವನು ಒಬ್ಬ, ಕೊಡಬೇಕಾದವನು ಇನ್ನೊಬ್ಬ. ಒಪ್ಪಿಗೆ ಕೇಳಬೇಕಾದ ಮೈಸೂರು ಹನ್ನೊಂದು ವರ್ಷದ ಹಿಂದೆಯಷ್ಟೆ ಅದೇ ಬ್ರಿಟಿಷರ ಕೈಯಿಂದ ರಾಜ್ಯವನ್ನು ಹಿಂದಕ್ಕೆ ಪಡೆದಿತ್ತು. ಬಾಗಿಲಲ್ಲಿ ನಿಂತವನ ಮಾತಿಗೆ ಎಷ್ಟು ತೂಕ ಎಂಬುದನ್ನು ಸಾಲ ಕೇಳಲು ಹೋದ ಯಾವ ಅಂಗಡಿಯವನಿಗೂ ನಾವು ವಿವರಿಸಬೇಕಾಗಿಲ್ಲ.

ಹಾಗೆಂದು ಮದರಾಸಿನ ರೈತನ ಭಯವನ್ನು ನಾವು ಸುಳ್ಳೆನ್ನುವುದಿಲ್ಲ. ಅನಂತಪುರ ಜಿಲ್ಲೆಯ ಬರ ನಮ್ಮ ಪಾವಗಡದ ಬರಕ್ಕಿಂತ ಮೆತ್ತಗಿನದಲ್ಲ. ಹಿಂದೂಪುರ, ಮಡಕಶಿರಾಗಳ ಕೆರೆಗಳನ್ನು ನಂಬಿ ಗದ್ದೆ ಮಾಡಿದವರಿಗೆ ಮೇಲಿನ ಒಡ್ಡು ಎಂದರೆ ಎದೆ ನಡುಗುವುದು ಸಹಜ. ನಮ್ಮ ಆಕ್ಷೇಪಣೆ ಬೇರೆ. ಆ ಕಾಗದಕ್ಕೆ ರುಜು ಮಾಡುವ ಮುಂಚೆ ಕೊಡಿಗೇನಹಳ್ಳಿಯ ಅಚ್ಚುಕಟ್ಟುದಾರನನ್ನಾಗಲಿ ಪರಿಗಿಯ ಅಚ್ಚುಕಟ್ಟುದಾರನನ್ನಾಗಲಿ ಯಾರೂ ಕೂರಿಸಿಕೊಂಡು ಕೇಳಲಿಲ್ಲ. ನೀರು ಇಬ್ಬರದು, ಮಾತು ಎರಡು ಕಛೇರಿಗಳದು. ೧೯೨೪ರಲ್ಲಿ ಕಾವೇರಿಗೆ ಇನ್ನೊಂದು ಒಪ್ಪಂದವಾದಾಗಲೂ ಹೀಗೆಯೇ. ಅದರ ರುಜುವಿನ ತಾರೀಖೂ ಫೆಬ್ರವರಿ ೧೮ ಆಗಿರುವುದು ಕಾಕತಾಳೀಯ. ಹೊಳೆಯ ದಂಡೆಯವರನ್ನು ಕೇಳದೆ ಇದ್ದದ್ದು ಮಾತ್ರ ಅಂದಿನ ಆಳುವವರ ಪದ್ಧತಿ.

ಮೇಲಿನವನು ಕೆಳಗಿನವನನ್ನು ಕೇಳಬೇಕೆಂಬುದು ಆ ಕಾಲದ ಧರ್ಮವೇ ಆಗಿತ್ತೋ ಏನೋ ಎಂದು ಯಾರಾದರೂ ಅಂದಾರು. ಹಾಗಾದರೆ ಮೂರು ವರ್ಷ ಮುಂದೆ ಹೋಗಿ ಅಮೆರಿಕವನ್ನು ನೋಡಬೇಕು. ರಿಯೊ ಗ್ರಾಂಡೆ ನದಿಯ ಮೇಲ್ಭಾಗ ಅಮೆರಿಕ ಸಂಯುಕ್ತ ಸಂಸ್ಥಾನದ್ದು, ಕೆಳಗೆ ಮೆಕ್ಸಿಕೊ. ನೀರು ಬತ್ತಿ ಕೆಳಗಿನ ರೈತರು ದೂರಿದಾಗ, ೧೮೯೫ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್ ಕೊಟ್ಟ ಅಭಿಪ್ರಾಯವೇನು? ತನ್ನ ನೆಲದಲ್ಲಿರುವ ನೀರನ್ನು ಒಂದು ದೇಶ ತನಗೆ ಬೇಕಾದಂತೆ ಬಳಸಬಹುದು, ಕೆಳಗಿನವನಿಗೆ ಕೊಡಲೇಬೇಕೆಂಬ ಕಾನೂನು ಯಾವುದೂ ಇಲ್ಲ! ೧೯೦೬ರಲ್ಲಿ ಕರಾರಾಗಿ ಮೆಕ್ಸಿಕೊಗೆ ವರ್ಷಕ್ಕೆ ೬೦,೦೦೦ ಎಕರೆ ಅಡಿ ನೀರು ಕೊಟ್ಟರು. ಅದನ್ನೂ ಹಕ್ಕೆಂದು ಒಪ್ಪಲಿಲ್ಲ, ಔದಾರ್ಯವೆಂದು ಬರೆದುಕೊಂಡರು. ನೈಲ್ ನದಿಯಲ್ಲಿ ಮತ್ತೆ ನ್ಯಾಯ ತಿರುಗಿತು. ಅಲ್ಲಿ ಕೆಳಗಿದ್ದ ಈಜಿಪ್ಟಿನ ಹತ್ತಿಯಲ್ಲಿ ಬ್ರಿಟಿಷರಿಗೆ ಆಸಕ್ತಿ. ಆದ್ದರಿಂದ ೧೯೨೯ರ ಒಪ್ಪಂದದಲ್ಲಿ, ಬ್ರಿಟಿಷರ ಆಡಳಿತದಲ್ಲಿದ್ದ ಮೇಲಿನ ನಾಡುಗಳಲ್ಲಿ ಈಜಿಪ್ಟಿನ ಪಾಲು ಕುಗ್ಗಿಸುವ ಯಾವ ಕಾಮಗಾರಿಯೂ ಅದರ ಒಪ್ಪಿಗೆಯಿಲ್ಲದೆ ಆಗಕೂಡದೆಂದು ಬರೆದರು. ೧೯೫೯ರಲ್ಲಿ ಈಜಿಪ್ಟು ಮತ್ತು ಸೂಡಾನು ಇಬ್ಬರೇ ಕೂತು ೫೫.೫ ಮತ್ತು ೧೮.೫ ಶತಕೋಟಿ ಘನ ಮೀಟರು ಎಂದು ಹಂಚಿಕೊಂಡಾಗ, ಆ ನೀರಿನ ಬಹುಪಾಲು ಹುಟ್ಟುವ ಇಥಿಯೋಪಿಯಕ್ಕೆ ಆ ಮನೆಯಲ್ಲಿ ಮಣೆಯೇ ಇರಲಿಲ್ಲ. ಇಥಿಯೋಪಿಯ ತನ್ನ ದೊಡ್ಡ ಅಣೆಕಟ್ಟನ್ನು ಕಟ್ಟಿ ಮುಗಿಸಿ ೨೦೨೫ರ ಸೆಪ್ಟೆಂಬರಿನಲ್ಲಿ ಉದ್ಘಾಟಿಸಿತು. ಆ ತಕರಾರು ಇನ್ನೂ ತೀರಿಲ್ಲ.

ಬಲ್ಲಿದನು ಕೆಳಗಿದ್ದರೆ ಕೆಳಗಿನವನ ಒಪ್ಪಿಗೆ ಬೇಕು. ಬಲ್ಲಿದನು ಮೇಲಿದ್ದರೆ ಯಾರ ಒಪ್ಪಿಗೆಯೂ ಬೇಡ. ಪುಢಾರಿಗಳು ‘ನ್ಯಾಯವಾದ ಪಾಲು’ ಎಂದಾಗ ಯಾರ ನ್ಯಾಯ ಎಂದು ನಾವು ಕೇಳುವುದು ಇದಕ್ಕೇ.

ಈಗ ಮತ್ತೆ ನಮ್ಮ ಹೊಳೆಗೆ ಬರೋಣ. ಉತ್ತರ ಪಿನಾಕಿನಿ ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ, ಗೌರಿಬಿದನೂರಿನ ಮೇಲೆ ಹಾದು, ಆಂಧ್ರಕ್ಕೆ ಹೋಗಿ ಹಿಂದೂಪುರದ ಸೀಮೆಯಲ್ಲಿ ಜಯಮಂಗಲಿಯನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಅದು ನೇರ ಸಮುದ್ರಕ್ಕೆ ಹೋಗುವುದಿಲ್ಲ. ತಿರುಗಿ ಕರ್ನಾಟಕದೊಳಕ್ಕೆ ಬರುತ್ತದೆ! ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನು ಮುಟ್ಟಿ, ಮತ್ತೆ ಆಂಧ್ರಕ್ಕೆ ಹೋಗಿ, ಪೇರೂರಿನ ಅಣೆಕಟ್ಟಿಗೆ ಇಳಿಯುತ್ತದೆ. ಇದರ ಅರ್ಥವನ್ನು ಭಾಷಣಕಾರರು ಒಮ್ಮೆ ಕೂತು ಯೋಚಿಸಿದರೆ ಅವರ ಗಂಟಲು ಅಲ್ಲಿಯೇ ಕಟ್ಟೀತು. ಕೊಡಿಗೇನಹಳ್ಳಿಯಲ್ಲಿ ನಾವು ಮೇಲಿನವರು. ನಾಗಲಮಡಿಕೆಯಲ್ಲಿ ನಾವೇ ಕೆಳಗಿನವರು. ‘ಒಂದು ಹನಿಯನ್ನೂ ಆಂಧ್ರಕ್ಕೆ ಬಿಡೆವು’ ಎಂದು ಮಧುಗಿರಿಯ ವೇದಿಕೆಯಲ್ಲಿ ಗುಡುಗಿದವರು, ಅದೇ ಜಿಲ್ಲೆಯ ಪಾವಗಡದ ವೇದಿಕೆಯಲ್ಲಿ ‘ಆಂಧ್ರದವರು ಮೇಲೆ ತಡೆದುಕೊಂಡರು’ ಎಂದು ಅಳಬೇಕಾಗುತ್ತದೆ. ಜಯಮಂಗಲಿಯನ್ನು ಕೊಡಿಗೇನಹಳ್ಳಿಯಲ್ಲಿ ಪೂರ್ತಿ ಕಟ್ಟಿಹಾಕಿದರೆ ಮೊದಲು ಬಾಯಾರುವುದು ಹಿಂದೂಪುರ, ಅದರ ಹಿಂದೆಯೇ ನಾಗಲಮಡಿಕೆ. ಭೂಪಟದಲ್ಲಿ ಪಾವಗಡ ಆಂಧ್ರದ ಮಡಿಲಿನಲ್ಲಿ ಕೂತ ಕೂಸಿನಂತಿದೆ. ಮಡಕಶಿರಾದ ರೊಳ್ಳ, ಅಗಳಿ, ಅಮರಾಪುರಗಳಲ್ಲಿ ಕನ್ನಡ ಮನೆಮಾತು, ಪಾವಗಡದ ಎಷ್ಟೋ ಹಳ್ಳಿಗಳಲ್ಲಿ ತೆಲುಗು ಮನೆಮಾತು. ಹೆಣ್ಣು ಕೊಡುವುದು ತರುವುದು ಗಡಿ ಕೇಳಿಕೊಂಡು ನಡೆಯುವುದಿಲ್ಲ. ಇತ್ತಣ ಗೂಡು ಹಿಂದೂಪುರದ ಮಾರುಕಟ್ಟೆಗೆ ಹೋಗುತ್ತದೆ, ಹುಣಸೆ ಹೋಗುತ್ತದೆ. ಮೈದನಹಳ್ಳಿಯ ಜಿಂಕೆವನದ ಕೃಷ್ಣಮೃಗಗಳಂತೂ ಯಾವ ಸರ್ಕಾರದ ರಹದಾರಿಯೂ ಇಲ್ಲದೆ ಆಚೆಯ ಹೊಲಗಳಲ್ಲಿ ಮೇದು ಬರುತ್ತವೆ. ರಾಜ್ಯಗಳ ವಿಂಗಡಣೆ ೧೯೫೩ರಲ್ಲಿ, ೧೯೫೬ರಲ್ಲಿ ಆಯಿತು. ಹೊಳೆ ಅದಕ್ಕಿಂತ ಹಳೆಯದು.

ಹಾಗಾದರೆ ನೀರು ಎಲ್ಲಿ ಹೋಯಿತು? ಜಯಮಂಗಲಿ ಎಂದೂ ತುಂಗಭದ್ರೆಯಂತೆ ವರ್ಷವಿಡೀ ಹರಿದ ಹೊಳೆಯಲ್ಲ. ಅದರ ಸಂಪತ್ತು ಮೇಲಿನ ಹರಿವಿನಲ್ಲಿ ಅಷ್ಟಿರಲಿಲ್ಲ, ಒಡಲಿನ ಮರಳಿನಲ್ಲಿ ಇತ್ತು. ಮಳೆಗಾಲದಲ್ಲಿ ಕುಡಿದ ನೀರನ್ನು ಆಳುದ್ದದ ಮರಳು ಬೇಸಿಗೆಯವರೆಗೆ ಹಿಡಿದಿಡುತ್ತಿತ್ತು. ಮೊಣಕೈಯುದ್ದ ತೋಡಿದರೆ ಒರತೆ. ಎರಡು ದಂಡೆಯ ತೆಂಗಿನ ತೋಟಗಳು, ಕಪಿಲೆ ಹೊಡೆದ ಬಾವಿಗಳು ಎಲ್ಲವೂ ಆ ಮರಳಿನ ಸಾಲದಲ್ಲಿ ಬದುಕಿದವು. ಆ ಮರಳನ್ನು ಈಗ ಯಾರು ತಿಂದರು? ಬೆಂಗಳೂರಿನ ಮಹಡಿಗಳು ತಿಂದವು. ರಾತ್ರಿ ಹೊತ್ತು ಹೊಳೆಗೆ ಇಳಿದ ಯಂತ್ರ, ಬೆಳಗಾಗುವ ಮುಂಚೆ ತುಂಬಿ ಹೊರಟ ಟಿಪ್ಪರು, ನೋಡಿಯೂ ನೋಡದ ಠಾಣೆ. ಹೊಳೆಯ ಮರಳು ಮುಗಿದ ಮೇಲೆ ಹೊಲದ ಮಣ್ಣನ್ನೇ ತೊಳೆದು ಮಾಡಿದ ಫಿಲ್ಟರ್ ಮರಳು. ಇದನ್ನು ಮಾಡಿದವನು ಆಂಧ್ರದವನೋ ಕನ್ನಡಿಗನೋ ಎಂದು ಕೇಳುವುದು ಹುಚ್ಚುತನ. ಮರಳಿನ ಧಣಿಗೆ ಭಾಷೆ ಇಲ್ಲ. ಅವನ ಲಾರಿ ಯಾವ ಕಡೆ ದರ ಹೆಚ್ಚೋ ಆ ಕಡೆ ತಿರುಗುತ್ತದೆ. ಒಂದು ಹನಿ ನೀರನ್ನೂ ಬಿಡೆವೆನ್ನುವ ಶೂರರು ನೀರನ್ನು ಹಿಡಿದಿಡುವ ಮರಳಿಗೆ ಸಾವಿರಾರು ಲೋಡು ಬಿಟ್ಟುಕೊಟ್ಟರಲ್ಲ, ಅದು ಯಾವ ಒಪ್ಪಂದದ ಯಾವ ಅನುಬಂಧದಲ್ಲಿ ಬರೆದಿದೆ?

ಮರಳು ಹೋದ ಮೇಲೆ ಬೋರು ಬಂತು. ಮಧುಗಿರಿ, ಕೊರಟಗೆರೆಗಳು ಅಂತರ್ಜಲದ ಅತಿಬಳಕೆಯ ತಾಲ್ಲೂಕುಗಳೆಂದು ಸರ್ಕಾರದ ಪಟ್ಟಿಯೇ ಹೇಳುತ್ತದೆ. ಸಾವಿರ ಅಡಿ ಕೊರೆಸುವ ಶಕ್ತಿ ಇರುವವನು ಕೊರೆಸುತ್ತಾನೆ, ಇನ್ನೂರು ಅಡಿಯವನ ಬಾವಿ ಅವನ ಮೋಟಾರಿನ ಒಂದು ಬೇಸಿಗೆಗೆ ಒಣಗುತ್ತದೆ. ಸಣ್ಣ ಹಿಡುವಳಿದಾರ ಒಡವೆ ಒತ್ತೆಯಿಟ್ಟು ಮೂರನೆಯ ಬೋರು ಹಾಕಿಸಿ, ದೂಳು ಬಂದಾಗ ತಲೆಯ ಮೇಲೆ ಕೈಹೊತ್ತು ಕೂರುತ್ತಾನೆ. ಬಂದ ನೀರಿನಲ್ಲಿಯೂ ಫ್ಲೋರೈಡು. ಪಾವಗಡದ ಹಳ್ಳಿಗಳಲ್ಲಿ ಹಲ್ಲು ಕಂದಿದ ಮಕ್ಕಳನ್ನು, ಮೊಣಕಾಲು ಬಾಗಿದ ಮುದುಕರನ್ನು ನೋಡದವರು ಯಾರು? ಅದೇ ನಾಗಲಮಡಿಕೆ ಹೋಬಳಿಯಲ್ಲಿ ೧೩,೦೦೦ ಎಕರೆ ನೆಲ ಸೋಲಾರ್ ಪಾರ್ಕಿಗೆ ಹೋಯಿತು. ೨,೦೫೦ ಮೆಗಾವಾಟ್ ವಿದ್ಯುತ್ತು, ರೈತನಿಗೆ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿನಿಂದ ಆರಂಭವಾದ ಗುತ್ತಿಗೆ. ಬೆಳೆಯಾಗದ ನೆಲಕ್ಕೆ ಬಾಡಿಗೆ ಬಂತಲ್ಲ ಎಂದು ಭೂಮಿ ಇದ್ದವನು ಒಪ್ಪಿದ್ದನ್ನು ನಾವು ತಪ್ಪೆನ್ನುವುದಿಲ್ಲ. ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕಿದ ಭೂಮಿಯಿಲ್ಲದ ಕೂಲಿಯವರಿಗೆ ಯಾವ ಗುತ್ತಿಗೆ ಬಂತೆಂದು ಕೇಳುತ್ತೇವೆ.

ನೀರು ಹಂಚಿಕೊಳ್ಳುವ ವಿದ್ಯೆ ಈ ಸೀಮೆಗೆ ಗೊತ್ತಿಲ್ಲದ್ದೇನಲ್ಲ. ಮಧುಗಿರಿ, ಕೊರಟಗೆರೆ, ಪಾವಗಡಗಳಲ್ಲಿ ಹಳಬರನ್ನು ‘ತಲಪರಿಗೆ’ ಎಂದರೇನೆಂದು ಕೇಳಿ. ಮರಳು ನೆಲದಲ್ಲಿ ತಾನೇ ಜಿನುಗುವ ಒರತೆಯನ್ನು ಗುರುತಿಸಿ, ಅದಕ್ಕೆ ಕಾಲುವೆ ತೋಡಿ, ಕುಂಟೆಗೆ ತುಂಬಿಸಿ, ಅಲ್ಲಿಂದ ಗದ್ದೆಗೆ ಹಾಯಿಸುವ ಏರ್ಪಾಡು. ಯಂತ್ರವಿಲ್ಲ, ಕರೆಂಟಿಲ್ಲ. ವರ್ಷಕ್ಕೊಮ್ಮೆ ಅಚ್ಚುಕಟ್ಟಿನವರೆಲ್ಲ ಸೇರಿ ಹೂಳು ತೆಗೆಯಬೇಕು. ನೀರು ಸರದಿಯ ಪ್ರಕಾರ. ಕೆರೆಯಾದರೆ ನೀರುಗಂಟಿ ತೂಬು ತೆಗೆದು, ಯಾವ ಗದ್ದೆಗೆ ಎಷ್ಟು ಹೊತ್ತು ಎಂಬುದನ್ನು ನೋಡಿಕೊಳ್ಳುತ್ತಿದ್ದ. ಕೊನೆಯ ಗದ್ದೆ ಒಣಗಿದರೆ ಬೈಗುಳ ತಿನ್ನುತ್ತಿದ್ದವನು ಅವನೇ. ನಾವು ಹಳೆಯ ಕಾಲವನ್ನು ಹಾಡಿ ಹೊಗಳುವವರಲ್ಲ. ಆ ಸರದಿಯಲ್ಲಿ ಗೌಡನ ಗದ್ದೆಗೆ ಮೊದಲ ನೀರು, ಹೊಲೆಗೇರಿಯ ನೆಲಕ್ಕೆ ಉಳಿದದ್ದು. ಗದ್ದೆಯೇ ಇಲ್ಲದವನಿಗೆ ಹೂಳೆತ್ತುವ ಕೂಲಿ ಮಾತ್ರ. ಆ ಕೊಳೆಯನ್ನು ತೊಳೆಯಬೇಕು. ಆದರೆ ಒಂದು ಗುಣ ಅದರಲ್ಲಿತ್ತು: ಎಷ್ಟು ನೀರಿದೆ ಎಂಬುದು ಎಲ್ಲರ ಕಣ್ಣಿಗೆ ಕಾಣುತ್ತಿತ್ತು, ಹಂಚುವವನು ಕೈಗೆ ಸಿಕ್ಕುತ್ತಿದ್ದ. ಈಗಿನ ಬೋರಿನ ನೀರು ಕಣ್ಣಿಗೆ ಕಾಣುವುದಿಲ್ಲ. ಹಂಚುವ ಅಧಿಕಾರಿ ಬೆಂಗಳೂರಿನಲ್ಲೋ ಅಮರಾವತಿಯಲ್ಲೋ ದಿಲ್ಲಿಯಲ್ಲೋ ಇದ್ದಾನೆ.

ಹತ್ತಿರದ ಹೊಳೆಯನ್ನು ಅಗೆದು ತಿನ್ನಲು ಬಿಟ್ಟ ಸರ್ಕಾರಗಳು ದೂರದ ನೀರಿನ ಆಸೆ ತೋರಿಸುತ್ತವೆ. ಶ್ರೀಶೈಲದ ಕೃಷ್ಣಾ ನೀರನ್ನು ಹಂದ್ರಿ-ನೀವಾ ಕಾಲುವೆಯಲ್ಲಿ ಎತ್ತಿ ಅನಂತಪುರದ ಸೀಮೆಗೆ ತಂದರು. ತುಂಗಭದ್ರೆಯ ಹಿನ್ನೀರು ೨೦೨೫ರಲ್ಲಿ ಕುಡಿಯುವುದಕ್ಕೆಂದು ಪಾವಗಡಕ್ಕೆ ಬಂತು. ಫ್ಲೋರೈಡು ಕುಡಿದ ಜನಕ್ಕೆ ಅದು ಜೀವದಾನವೇ, ಒಪ್ಪಿದೆವು. ಎತ್ತಿನಹೊಳೆಯ ಕಥೆ ನೋಡಿ. ಸಕಲೇಶಪುರದ ಹಳ್ಳಗಳಿಂದ ೨೪.೦೧ ಟಿಎಂಸಿ ನೀರು ಎಂದರು. ೨೦೧೨ರಲ್ಲಿ ೮,೩೨೩ ಕೋಟಿ ಎಂದಿದ್ದ ಅಂದಾಜು ೨೩,೨೫೧ ಕೋಟಿಗೆ ಏರಿತು. ೨೦೨೪ರ ಸೆಪ್ಟೆಂಬರ್ ೬ರಂದು ಮೊದಲ ಹಂತಕ್ಕೆ ಬಾಗಿನ ಬಿಟ್ಟರು. ಅದರ ನೀರು ನಿಲ್ಲಿಸಲು ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲುವಿನಲ್ಲಿ ಜಲಾಶಯ ಎಂದರು. ಮುಳುಗುವ ನೆಲ ಕೊರಟಗೆರೆಯದೂ ಹೌದು, ದೊಡ್ಡಬಳ್ಳಾಪುರದ್ದೂ ಹೌದು. ಪಕ್ಕಪಕ್ಕದ ಹೊಲ, ಒಂದೇ ಮಣ್ಣು, ಆದರೆ ಪರಿಹಾರದ ದರ ಬೇರೆ ಎಂದು ರೈತರು ತಡೆದರು. ಕೆಲಸ ವರ್ಷಗಟ್ಟಲೆ ನಿಂತಿತು. ಅಲ್ಲಿ ಆಂಧ್ರವೂ ಇಲ್ಲ, ತಮಿಳುನಾಡೂ ಇಲ್ಲ. ತಾಲ್ಲೂಕಿನ ಗಡಿಯೇ ಸಾಕಾಯಿತು ಒಬ್ಬನನ್ನು ಅಗ್ಗ ಮಾಡುವುದಕ್ಕೆ. ಹೇಮಾವತಿಯ ನೀರನ್ನು ಕುಣಿಗಲ್, ಮಾಗಡಿಗಳ ಕಡೆಗೆ ನೇರ ಒಯ್ಯುವ ಲಿಂಕ್ ಕಾಲುವೆಗೆ ೨೦೨೪-೨೫ರಲ್ಲಿ ನಮ್ಮ ಜಿಲ್ಲೆಯಲ್ಲಿಯೇ ಜನ ಬೀದಿಗಿಳಿದದ್ದೂ ಇದೇ ಜಾತಿಯ ಜಗಳ. ೨೦೧೮ರಲ್ಲಿ ಸುಪ್ರೀಂ ಕೋರ್ಟು ಕಾವೇರಿಯ ತೀರ್ಪು ಕೊಟ್ಟು, ನದಿಯ ಮೇಲೆ ಯಾವ ರಾಜ್ಯವೂ ಒಡೆತನ ಹೇಳುವಂತಿಲ್ಲ ಎಂದಿತು. ಒಳ್ಳೆಯ ಮಾತು. ಅದೇ ತೀರ್ಪು ಬೆಂಗಳೂರಿನ ಕುಡಿಯುವ ನೀರಿಗೆಂದು ೪.೭೫ ಟಿಎಂಸಿ ಸೇರಿಸಿಕೊಟ್ಟಿತು. ನಗರಕ್ಕೆ ನೀರು ಬೇಡವೆನ್ನಲು ನಾವು ಕಟುಕರಲ್ಲ, ನಮ್ಮ ಅಣ್ಣತಮ್ಮಂದಿರೇ ಅಲ್ಲಿ ಗಾರೆ ಕಲಸುತ್ತಿದ್ದಾರೆ. ಆದರೆ ಆ ನಗರ ಜಯಮಂಗಲಿಯ ಮರಳನ್ನು ತಿಂದದ್ದಕ್ಕೆ ಕೊಡಿಗೇನಹಳ್ಳಿಯ ಖಾತೆಗೆ ಎಷ್ಟು ಜಮೆಯಾಯಿತು?

ನೀರನ್ನು ಆಯುಧ ಮಾಡುವ ಮಾತು ಈಗ ದೇಶದ ಮಟ್ಟದಲ್ಲಿಯೂ ಎದ್ದಿದೆ. ೧೯೬೦ರ ಸೆಪ್ಟೆಂಬರ್ ೧೯ರಂದು ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನ್ ರುಜು ಹಾಕಿದ ಸಿಂಧೂ ಒಪ್ಪಂದ, ೧೯೬೫ರ, ೧೯೭೧ರ, ೧೯೯೯ರ ಯುದ್ಧಗಳನ್ನು ದಾಟಿ ಉಳಿದಿತ್ತು. ಪಹಲ್ಗಾಮಿನ ಹತ್ಯಾಕಾಂಡದ ಮರುದಿನ, ೨೦೨೫ರ ಏಪ್ರಿಲ್ ೨೩ರಂದು, ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ಕೊಲೆಗಡುಕರಿಗೆ ಶಿಕ್ಷೆಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನದಿಯ ಕೆಳಗೆ ಹತ್ತಿ ಬೆಳೆಯುವ ಒಕ್ಕಲಿಗ ಆ ಕೊಲೆಗಡುಕನಲ್ಲ ಎಂಬುದನ್ನು, ಗಂಟಲು ಹರಿಯುವ ಈ ಗದ್ದಲದಲ್ಲಿಯೂ ಹೇಳಬೇಕಾಗಿದೆ. ಮೇಲಿರುವವನಿಗೆ ಕೀಲಿ ಕೈಯಲ್ಲಿದೆ ಎಂಬ ಸಂತೋಷ ಬಹಳ ದಿನದ್ದಲ್ಲ. ಬ್ರಹ್ಮಪುತ್ರದಲ್ಲಿ ಭಾರತಕ್ಕಿಂತ ಮೇಲೆ ಚೀನಾ ಕೂತಿದೆ. ನಾಗಲಮಡಿಕೆಯ ಪಾಠ ಅಲ್ಲಿಯೂ ಅದೇ.

ಕೂಡಿ ನಡೆಸಿದ ಉದಾಹರಣೆ ನಮ್ಮ ಪಕ್ಕದಲ್ಲಿಯೇ ಇದೆ. ತುಂಗಭದ್ರಾ ಅಣೆಕಟ್ಟನ್ನು ಮದರಾಸು ಮತ್ತು ಹೈದರಾಬಾದು ಎರಡು ಸರ್ಕಾರಗಳು ೧೯೪೫ರಿಂದ ಕಟ್ಟಿ, ೧೯೫೩ರ ಹೊತ್ತಿಗೆ ನೀರು ನಿಲ್ಲಿಸಿದವು. ಈಗ ರಾಜ್ಯಗಳು ಸೇರಿದ ಮಂಡಳಿ ಅದನ್ನು ನೋಡಿಕೊಳ್ಳುತ್ತದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ೧೯ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಹೈದರಾಬಾದಿನ ಕನ್ನಯ್ಯ ನಾಯ್ಡು ಮುಂದೆ ನಿಂತರು, ಹೊಸಪೇಟೆಯ ಸೀಮೆಯ ಕಾರ್ಖಾನೆಗಳಲ್ಲಿ ಹಗಲಿರುಳು ಉಕ್ಕು ಬೆಸೆ ಹಾಕಿದರು. ಆ ವಾರ ಗ್ಯಾಸು ಕಟರು ಹಿಡಿದವನ ಮಾತೃಭಾಷೆ ಯಾವುದೆಂದು ಯಾವ ಪುಢಾರಿಯೂ ವಿಚಾರಿಸಲಿಲ್ಲ. ಆ ಮಂಡಳಿಯಲ್ಲಿ ಲೋಪ ಬೇಕಾದಷ್ಟಿದೆ. ಹಳೆಯ ಸರಪಳಿ ಕಡಿಯುವವರೆಗೆ ಯಾರೂ ನೋಡಲಿಲ್ಲವೆಂಬುದೇ ದೊಡ್ಡ ಲೋಪ. ಆದರೂ ಎರಡು ಕಡೆಯ ಇಂಜಿನಿಯರು ಒಂದೇ ಮೇಜಿನ ಮುಂದೆ ಕೂರುವ ಜಾಗ ಒಂದಿದೆ. ಪಿನಾಕಿನಿಗೆ, ಜಯಮಂಗಲಿಗೆ ಅಂಥ ಮೇಜು ಇಲ್ಲ.

ನಾವು ಕೇಳುವುದು ಆ ಮೇಜನ್ನು, ಮತ್ತು ಅದನ್ನು ರಾಜಧಾನಿಯಲ್ಲಿ ಅಲ್ಲ, ಹೊಳೆಯ ದಂಡೆಯಲ್ಲಿ. ಕೊರಟಗೆರೆ, ಮಧುಗಿರಿ, ಗೌರಿಬಿದನೂರು, ಹಿಂದೂಪುರ, ಪಾವಗಡ, ಇವುಗಳ ಪಂಚಾಯಿತಿಗಳಿಂದ ಜನ ಬಂದು ಕೂರಬೇಕು. ಜಮೀನುದಾರರು ಮಾತ್ರ ಬಂದರೆ ಸಾಲದು, ಭೂಮಿಯಿಲ್ಲದ ಕೂಲಿಯವರೂ, ನೀರು ಹೊರುವ ಹೆಣ್ಣುಮಕ್ಕಳೂ ಬರಬೇಕು. ಕುಡಿಯುವ ನೀರನ್ನು ಮೊದಲು ತೆಗೆದಿಟ್ಟು, ಮಿಕ್ಕದ್ದನ್ನು ಸರದಿಗೆ ಹಾಕಬೇಕು. ಒಡ್ಡು ಎಲ್ಲಿ, ಎಷ್ಟು ಎತ್ತರ ಎಂಬುದು ಕೆಳಗಿನ ಹಳ್ಳಿಯವನ ಎದುರಿನಲ್ಲಿ ತೀರ್ಮಾನವಾಗಬೇಕು. ಹೊಳೆಗೆ ಇಳಿಯುವ ಯಂತ್ರವನ್ನು ಎರಡು ದಂಡೆಯಲ್ಲಿಯೂ ಒಂದೇ ದಿನ ನಿಲ್ಲಿಸಬೇಕು. ಈಚೆ ನಿಲ್ಲಿಸಿ ಆಚೆ ಬಿಟ್ಟರೆ ಧಣಿ ಬರಿದೆ ದಂಡೆ ಬದಲಾಯಿಸುತ್ತಾನೆ. ಸಾವಿರ ಅಡಿಯ ಬೋರಿನವನು ತನ್ನ ನೆರೆಯ ಇನ್ನೂರು ಅಡಿಯವನಿಗೆ ಲೆಕ್ಕ ಕೊಡಬೇಕು. ಎತ್ತಿನಹೊಳೆಯ ನೀರು ನಿಜವಾಗಿ ಬಂದ ದಿನ ಯಾವ ಕೆರೆಗೆ ಎಷ್ಟು ಎಂಬುದನ್ನು ಗುತ್ತಿಗೆದಾರನ ಕಛೇರಿಯಲ್ಲಿ ಅಲ್ಲ, ಕೆರೆಯ ಏರಿಯ ಮೇಲೆ ಓದಿ ಹೇಳಬೇಕು.

‘ಇದಕ್ಕೆಲ್ಲ ಕಾನೂನು ಬೇಕು, ಕೇಂದ್ರ ಸರ್ಕಾರ ಬೇಕು’ ಎನ್ನುವವರಿಗೆ ಒಂದು ಸಣ್ಣ ಕೆಲಸವನ್ನು ಮೊದಲು ಹೇಳುತ್ತೇವೆ. ೨೦೨೨ರ ಮಳೆಗಾಲದಲ್ಲಿ ಜಯಮಂಗಲಿ ದಂಡೆ ಮೀರಿ ಹರಿದಾಗ ಎರಡು ರಾಜ್ಯದ ಜನವೂ ಸೇತುವೆಯ ಹತ್ತಿರ ನಿಂತು ನೋಡಿದರು. ಎಷ್ಟು ನೀರು ಹೋಯಿತೆಂಬುದನ್ನು ಅಲ್ಲಿ ನಿಂತವರಿಗೆ ಯಾರೂ ಹೇಳಲಿಲ್ಲ. ಕೊಡಿಗೇನಹಳ್ಳಿಯ ಹತ್ತಿರ ಒಂದು, ಗಡಿ ದಾಟಿದ ಮೇಲೆ ಒಂದು, ಪಿನಾಕಿನಿ ಮತ್ತೆ ನಮ್ಮೊಳಕ್ಕೆ ಬರುವ ನಾಗಲಮಡಿಕೆಯಲ್ಲಿ ಒಂದು, ಹೀಗೆ ಮೂರು ಅಳತೆಗಲ್ಲು ನೆಡಲಿ. ಅಂಕಿಗಳನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಯಲಿ. ಪ್ರತಿ ಸಂತೆಯ ದಿನ ಆ ವಾರದ ಅಳತೆಯನ್ನು ಮೂರು ಊರಿನ ಪಂಚಾಯಿತಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹಾಕಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಮೂರು ಕಲ್ಲಿನ ಮಾತನ್ನು ನಮ್ಮ ಸಂಗಾತಿಗಳು ಎತ್ತುತ್ತಾರೆ. ಹಿಂದೂಪುರದ ಗಿರಣಿಗಳಲ್ಲಿರುವ ಗೆಳೆಯರಿಗೂ ಆಚೆ ದಂಡೆಯ ಗ್ರಾಮಸಭೆಯಲ್ಲಿ ಇದೇ ಮಾತನ್ನು ಇದೇ ತಿಂಗಳಿನಲ್ಲಿ ಎತ್ತುವಂತೆ ಬರೆಯುತ್ತಿದ್ದೇವೆ.